ಸೋದರಮಾವನಿಗೆ ಹಿಮೋಫಿಲಿಯಾ ಇದ್ದರೆ ಅವರ ಮಗನನ್ನು ಮದುವೆಯಾಗಬಹುದೇ?

ನಿಮ್ಮ ಸೋದರಮಾವನಿಗೆ ತೀವ್ರ ಸ್ವರೂಪದ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ರೋಗ, ಇದೆ. ಅವರ ಮಗನೊಂದಿಗೆ ನಿಮ್ಮ ಮದುವೆಯ ಮಾತುಕತೆ ನಡೆದಿದೆ. 'ಆ ಮನೆಯ ರಕ್ತದಲ್ಲೇ ರೋಗವಿದೆ' ಎಂದು ತಂದೆಯ ಕಡೆಯವರು ಹಿಂಜರಿದರೆ, ನಿಮ್ಮ ಇಬ್ಬರು ಅಣ್ಣಂದಿರೂ ಆರೋಗ್ಯವಾಗಿರುವುದರಿಂದ ಭಯವಿಲ್ಲವೆಂದು ತಾಯಿಯ ಕಡೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಪದವಿ ತರಗತಿಗಳಿಗೆ ತಳಿವಿಜ್ಞಾನ ಪಾಠ ಮಾಡುವ ನನಗೆ ಎರಡೂ ವಾದಗಳು ಸರಿಯೆನಿಸುವುದಿಲ್ಲ. ಆ ಹುಡುಗನಿಗೆ ತಂದೆಯಿಂದ ಈ ರೋಗದ ವಂಶವಾಹಿ ಬಂದಿರುವುದಿಲ್ಲ. ಪರೀಕ್ಷೆಯಾಗಬೇಕಾದದ್ದು ನಿಮ್ಮ ತಾಯಿಗೆ ಮತ್ತು ನಿಮಗೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಸರಿಗೆ ಇರುವುದು ತಾಯಿಯಿಂದ ಬಂದ ಒಂದೇ ಎಕ್ಸ್. ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಇನ್ನೊಂದಿಲ್ಲ. ತಂದೆ ಮಗನಿಗೆ ವೈ ವರ್ಣತಂತುವನ್ನು ಕೊಡುತ್ತಾನೆ, ತನ್ನ ಎಕ್ಸ್ ಅನ್ನು ಮಗಳಿಗೆ ಕೊಡುತ್ತಾನೆ. ಆದ್ದರಿಂದ ನಿಮ್ಮ ಸೋದರಮಾವನ ದೋಷಯುಕ್ತ ಎಕ್ಸ್ ಅವರ ಗಂಡುಮಕ್ಕಳಲ್ಲಿ ಯಾರಿಗೂ ಹೋಗುವುದಿಲ್ಲ. ಹೆಣ್ಣುಮಕ್ಕಳಿದ್ದರೆ ಅವರೆಲ್ಲರೂ ಖಚಿತವಾಗಿ ವಾಹಕಿಯರು, ಅಂದರೆ ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ದೋಷವಿದ್ದು ಅದನ್ನು ಮಕ್ಕಳಿಗೆ ದಾಟಿಸಬಲ್ಲವರು. ಗಂಡಿನ ಮನೆತನವನ್ನು ಇಷ್ಟು ಕೆದಕುವ ನಮ್ಮ ಹಿರಿಯರು ಆ ಹೆಣ್ಣುಮಕ್ಕಳ ವಿಷಯದಲ್ಲಿ ಸುಮ್ಮನಿರುವುದನ್ನು ನಾನು ಬೇರೆ ಕುಟುಂಬಗಳಲ್ಲೂ ಕಂಡಿದ್ದೇನೆ.

ಇನ್ನು ಅಣ್ಣಂದಿರ ವಿಷಯ. ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಿ ಈ ದೋಷ ಹಿಂದೆ ಯಾರಲ್ಲೂ ರೋಗ ಕಾಣಿಸದ ಕುಟುಂಬದಲ್ಲಿ ಹೊಸದಾಗಿ ತಲೆದೋರುತ್ತದೆ. ಆದರೂ ನಿಮ್ಮ ಅಜ್ಜಿ ವಾಹಕಿಯಾಗಿದ್ದರೆಂದೇ ಇಟ್ಟುಕೊಳ್ಳೋಣ. ಆಗ ನಿಮ್ಮ ತಾಯಿ ವಾಹಕಿಯಾಗಿರುವ ಸಂಭವ ಅರ್ಧ. ಅಂತಹ 8 ತಾಯಂದಿರನ್ನು ಊಹಿಸಿಕೊಳ್ಳಿ: ನಾಲ್ವರು ವಾಹಕಿಯರು, ನಾಲ್ವರು ಅಲ್ಲ. ವಾಹಕಿಯರಲ್ಲಿ ಸರಾಸರಿ ಒಬ್ಬರಿಗೆ ಮಾತ್ರ ಇಬ್ಬರು ಗಂಡುಮಕ್ಕಳೂ ಆರೋಗ್ಯವಾಗಿ ಹುಟ್ಟುತ್ತಾರೆ. ಉಳಿದ ನಾಲ್ವರಿಗೆ ಹಾಗೆ ಹುಟ್ಟುವುದು ಸಹಜವೇ. ಅಂದರೆ ಇಬ್ಬರು ಆರೋಗ್ಯವಂತ ಗಂಡುಮಕ್ಕಳಿರುವ ಐವರು ತಾಯಂದಿರಲ್ಲಿ ಒಬ್ಬರು ವಾಹಕಿ. ಅದರ ಅರ್ಧ, ಅಂದರೆ ಹತ್ತರಲ್ಲಿ ಒಂದು, ನೀವು ವಾಹಕಿಯಾಗಿರುವ ಸಂಭವ. ಅಣ್ಣಂದಿರ ಆರೋಗ್ಯ ಅಪಾಯವನ್ನು ತಗ್ಗಿಸಿದೆ, ಅಳಿಸಿಲ್ಲ. ನೀವು ವಾಹಕಿಯಾಗಿದ್ದರೆ ಯಾರನ್ನೇ ಮದುವೆಯಾದರೂ ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಂಭವ ಅರ್ಧ. (ಅಕ್ಕನ ಮಗಳನ್ನೇ ಮದುವೆಯಾಗುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಹಾಗೆ ಸೋದರಮಾವನಿಗೇ ಕೊಡುವ ಮಾತಾಗಿದ್ದರೆ ಸಂಗತಿ ಬೇರೆಯಾಗುತ್ತಿತ್ತು: ಎರಡೂ ಕಡೆಯಿಂದ ದೋಷಯುಕ್ತ ಎಕ್ಸ್ ಬಂದು ಹೆಣ್ಣುಮಗುವಿಗೂ ರೋಗ ಬರಬಹುದಿತ್ತು.)

ಫ್ಯಾಕ್ಟರ್ 8ರ ಪ್ರಮಾಣ ಸರಿಯಿದೆ ಎಂಬ ವರದಿಯನ್ನಷ್ಟೇ ನಂಬಿ ಕೂರಬೇಡಿ. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ನಿಷ್ಕ್ರಿಯವಾಗುತ್ತದೆ. ಯಾವುದು ಎಂಬುದು ಬಹುಮಟ್ಟಿಗೆ ಆಕಸ್ಮಿಕ. ಹೀಗಾಗಿ ಕೆಲವು ವಾಹಕಿಯರಲ್ಲಿ ಪ್ರಮಾಣ ಪೂರ್ತಿ ಸಹಜವಾಗಿರುತ್ತದೆ, ಇನ್ನು ಕೆಲವರಲ್ಲಿ ಮುಟ್ಟಿನಲ್ಲೋ ಹೆರಿಗೆಯಲ್ಲೋ ಹಲ್ಲು ಕೀಳಿಸಿದಾಗಲೋ ವಿಪರೀತ ರಕ್ತಸ್ರಾವವಾಗುವಷ್ಟು ಕುಸಿದಿರುತ್ತದೆ. ವಾಹಕಿ ಹೌದೋ ಅಲ್ಲವೋ ಎಂದು ತಿಳಿಸುವುದು ವಂಶವಾಹಿ ಪರೀಕ್ಷೆ. ಅದನ್ನು ಸೋದರಮಾವನ ರಕ್ತದಿಂದಲೇ ಆರಂಭಿಸಬೇಕು. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ವಂಶವಾಹಿಯ ಒಂದು ಭಾಗ ತಲೆಕೆಳಗಾಗಿರುತ್ತದೆ; ಮೊದಲು ಅದನ್ನು, ಸಿಗದಿದ್ದರೆ ಉಳಿದ ಬದಲಾವಣೆಗಳನ್ನು ಹುಡುಕುತ್ತಾರೆ. ಅವರಲ್ಲಿ ಕಂಡ ದೋಷ ನಿಮ್ಮ ತಾಯಿಯಲ್ಲಿ ಇಲ್ಲವೆಂದಾದರೆ ಸಾಮಾನ್ಯವಾಗಿ ನಿಮಗೆ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ.

ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಥಲಸೀಮಿಯಾದಂತಹ, ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸುವ ರೋಗಗಳ ಅಪಾಯ ಹೆಚ್ಚುತ್ತದೆ. ಅದಕ್ಕೂ ಹಿಮೋಫಿಲಿಯಾಕ್ಕೂ ಸಂಬಂಧವಿಲ್ಲ, ಆದರೆ ತಳಿ ಸಲಹೆಗಾರರನ್ನು ಕಾಣುವಾಗ ಅದನ್ನೂ ಕೇಳಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನೂ ವಿಚಾರಿಸಬಹುದು. ಹೋಗುವಾಗ ಸೋದರಮಾವನ ಹಳೆಯ ವರದಿಗಳನ್ನು ಜೊತೆಗೆ ಒಯ್ಯಿರಿ. ರೋಗ ಎ ವಿಧದ್ದೋ ಬಿ ವಿಧದ್ದೋ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು, ಏಕೆಂದರೆ ಎರಡರಲ್ಲೂ ನೋಡಬೇಕಾದ ವಂಶವಾಹಿಗಳು ಬೇರೆ ಬೇರೆ.