ಹಾಪ್ಸ್‌ನ ಕಹಿ, ಹಾಪ್ಸ್‌ನ ಘಮ: ಹಾಕುವ ಹೊತ್ತೇ ಮುಖ್ಯ

ಪ್ರಶ್ನೆ: ನಮ್ಮದು ಮೂಡಿಗೆರೆ ಬಳಿಯ ಕಾಫಿ ತೋಟ. ಇಂಗ್ಲೆಂಡಿನಲ್ಲಿ ನೆಲೆಸಿರುವ ಮಗನ ಮನೆಗೆ ಹೋಗಿದ್ದಾಗ ಅವನು 20 ಲೀಟರ್ ಬಿಯರ್ ತಯಾರಿಸಿದ. ತಂದ ಹಾಪ್ಸ್ ಅಷ್ಟನ್ನೂ ಕುದಿಯ ಆರಂಭದಲ್ಲೇ ಹಾಕಿ ಒಂದು ಗಂಟೆ ಕುದಿಸಿದ. ಬಿಯರ್ ಕಹಿಯಾಯಿತೇ ಹೊರತು, ಪೊಟ್ಟಣ ಬಿಚ್ಚಿದಾಗ ಬಂದ ಘಮ ಅದರಲ್ಲಿರಲಿಲ್ಲ. ಮುಂದಿನ ಸಲ ಹೆಚ್ಚು ಹಾಕಿದರೆ ಸರಿಹೋದೀತೆ? ನಾನು ಇಲ್ಲಿಗೂ ಸ್ವಲ್ಪ ಒಣ ಹಾಪ್ಸ್ ತರಿಸಿಕೊಂಡಿದ್ದೇನೆ. ಅದನ್ನು ಹೇಗೆ ಬಳಸಬಹುದು? ಮೆಣಸಿನ ಬಳ್ಳಿಯಂತೆ ಇದನ್ನೂ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಲು ಸಾಧ್ಯವೆ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಹೆಚ್ಚು ಹಾಕಿದರೆ ಕಹಿ ಇನ್ನಷ್ಟು ಏರುತ್ತದೆ, ಘಮ ಆಗಲೂ ಬರುವುದಿಲ್ಲ. ಕಹಿಗೆ ಬೇಕಾದ ಹಾಪ್ಸ್ ಬೇರೆ ಹೊತ್ತಿನಲ್ಲಿ, ಘಮಕ್ಕೆ ಬೇಕಾದ ಹಾಪ್ಸ್ ಬೇರೆ ಹೊತ್ತಿನಲ್ಲಿ ಪಾತ್ರೆಗೆ ಬೀಳಬೇಕು.

ಹಾಪ್ಸ್ ಎಂಬುದು ಹೆಣ್ಣು ಬಳ್ಳಿಯಲ್ಲಿ ಬಿಡುವ, ಎಸಳುಗಳು ಒಂದರ ಮೇಲೊಂದು ಕವಿದಿರುವ ಹಸಿರು ಹೂಗೊಂಚಲು. ಎಸಳುಗಳ ಬುಡದಲ್ಲಿರುವ ಲುಪುಲಿನ್ ಎಂಬ ಹಳದಿ ಅಂಟುಪುಡಿಯಲ್ಲೇ ಕಹಿಯೂ ಘಮವೂ ಅಡಗಿವೆ. ಕಹಿಗೆ ಮೂಲವಾದ ಆಲ್ಫಾ ಆಮ್ಲಗಳು ಸುಲಭವಾಗಿ ಕರಗುವಂಥವಲ್ಲ. ವರ್ಟ್‌ನಲ್ಲಿ, ಅಂದರೆ ಮೊಳಕೆ ಬಾರ್ಲಿಯಿಂದ ಬಸಿದ ಸಿಹಿರಸದಲ್ಲಿ, ಬಹಳ ಹೊತ್ತು ಕುದಿದಾಗ ಅವುಗಳ ಅಣುರಚನೆ ಬದಲಾಗಿ, ಕರಗಬಲ್ಲ ಐಸೊ-ಆಲ್ಫಾ ಆಮ್ಲಗಳಾಗುತ್ತವೆ. ಘಮ ಕೊಡುವ ಮಿರ್ಸೀನ್, ಹ್ಯುಮುಲೀನ್, ಕ್ಯಾರಿಯೊಫಿಲೀನ್ ಮೊದಲಾದ ತೈಲಗಳಾದರೋ ಅದೇ ಕುದಿಯಲ್ಲಿ ಆವಿಯೊಡನೆ ಹೊರಟುಹೋಗುತ್ತವೆ. ಇವುಗಳಲ್ಲಿ ಕ್ಯಾರಿಯೊಫಿಲೀನ್ ನಿಮ್ಮ ತೋಟದ ಕರಿಮೆಣಸಿನಲ್ಲಿಯೂ ಧಾರಾಳವಾಗಿದೆ. ಸಾರು ಇಳಿಸುವ ಹೊತ್ತಿಗೆ ಮೆಣಸಿನ ಪುಡಿ ಉದುರಿಸುವವರು ಯಾವ ಕಾರಣಕ್ಕೆ ಹಾಗೆ ಮಾಡುತ್ತಾರೋ, ಘಮದ ಹಾಪ್ಸ್ ಅನ್ನು ಕೊನೆಗೆ ಹಾಕುವುದೂ ಅದೇ ಕಾರಣಕ್ಕೆ.

ಮಗನಿಗೆ ಒಂದು ಲೆಕ್ಕ ತಿಳಿಸಿ. ಪೊಟ್ಟಣದ ಮೇಲೆ ಆಲ್ಫಾ ಆಮ್ಲದ ಶೇಕಡಾ ಪ್ರಮಾಣ ಅಚ್ಚಾಗಿರುತ್ತದೆ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ತಳಿಯಲ್ಲಿ ಅದು ಸುಮಾರು 5, ಮ್ಯಾಗ್ನಮ್ ತಳಿಯಲ್ಲಿ 12ಕ್ಕೂ ಹೆಚ್ಚು. ಆದ್ದರಿಂದ ಕೇವಲ ಗ್ರಾಂ ಲೆಕ್ಕ ಹಿಡಿದರೆ ತಳಿ ಬದಲಾದಾಗ ಕಹಿ ಎರಡು ಪಟ್ಟಿಗೂ ಮೀರಬಹುದು. ಒಂದು ಗಂಟೆ ಕುದಿಸಿದಾಗ ಆಲ್ಫಾ ಆಮ್ಲದ ಕಾಲು ಭಾಗದಷ್ಟು ಬಿಯರಿಗೆ ಇಳಿಯುತ್ತದೆಂದು ಹಿಡಿದರೆ, ಶೇ 5ರ ಹಾಪ್ಸ್ 30 ಗ್ರಾಂ ಹಾಕಿದಾಗ 375 ಮಿಲಿಗ್ರಾಂ, ಅಂದರೆ 20 ಲೀಟರಿನಲ್ಲಿ ಲೀಟರಿಗೆ ಸುಮಾರು 19 ಮಿಲಿಗ್ರಾಂ ಕಹಿ ಸೇರುತ್ತದೆ. ಇದನ್ನೇ 19 ಐಬಿಯು ಎನ್ನುತ್ತಾರೆ. ಹದವಾದ ಬಿಯರಿಗೆ ಇಷ್ಟು ಸಾಕು. ವರ್ಟ್ ಹೆಚ್ಚು ಗಟ್ಟಿಯಾಗಿದ್ದರೆ ಕಹಿ ಇಳಿಯುವುದು ಇನ್ನೂ ಕಡಿಮೆ.

ಉಳಿದ ಹಾಪ್ಸ್ ಅನ್ನು ಒಲೆ ಆರಿಸಿ, ವರ್ಟ್ 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಹಾಕಿ, ಮುಚ್ಚಳ ಮುಚ್ಚಿ 20 ನಿಮಿಷ ಬಿಟ್ಟು, ಆನಂತರ ಬೇಗ ತಣಿಸಲಿ. ಕಹಿ ಹುಟ್ಟುವ ವೇಗ ಪ್ರತಿ ಹತ್ತು ಡಿಗ್ರಿ ಇಳಿತಕ್ಕೆ ಅರ್ಧಕ್ಕಿಂತಲೂ ಕುಗ್ಗುವುದರಿಂದ, ಆ ಶಾಖದಲ್ಲಿ ತೈಲ ಉಳಿಯುತ್ತದೆ, ಕಹಿ ಅಷ್ಟಾಗಿ ಏರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಮಾಡುವವರಿಗೆ ಇದೇ ಎಲ್ಲಕ್ಕಿಂತ ಸುಲಭವಾದ, ನಂಬಬಹುದಾದ ಕ್ರಮ. ಹಸಿ ಹೂವಿನ ಘಮವೇ ಬೇಕೆಂದರೆ, ಹುದುಗುವ ಭರ ಇಳಿದ ಮೇಲೆ 40 ಗ್ರಾಂನಷ್ಟನ್ನು ತಣ್ಣನೆಯ ಬಿಯರಿಗೇ ಹಾಕಿ ಮೂರು ದಿನ ಬಿಡಬಹುದು. ಹೆಚ್ಚು ದಿನ ಬಿಟ್ಟರೆ ಹುಲ್ಲಿನ ವಾಸನೆಯೂ ಒಗರೂ ಸೇರಿಕೊಳ್ಳುತ್ತವೆ. ಮುಚ್ಚಳವನ್ನು ಮತ್ತೆ ಮತ್ತೆ ತೆರೆದರೆ ಗಾಳಿ ತಾಗಿ, ಗಳಿಸಿದ ಘಮವೆಲ್ಲ ಕೆಡುತ್ತದೆ. ಮೊದಮೊದಲು ಒಂದೇ ತಳಿಯನ್ನು ಬಳಸುವುದು ಒಳ್ಳೆಯದು, ಇಲ್ಲವಾದರೆ ಯಾವ ಪರಿಮಳ ಯಾವುದರದೆಂದು ತಿಳಿಯುವುದಿಲ್ಲ.

ಹಳೆಯ ಹಾಪ್ಸ್‌ನಿಂದ ಯಾವ ಕ್ರಮವೂ ಫಲಿಸದು. ಗಾಳಿ ಮತ್ತು ಶಾಖ ತಾಗಿದ ಹಾಪ್ಸ್ ಚೀಸ್‌ನಂತೆ ನಾರುತ್ತದೆ. ಬಿಚ್ಚಿದ ಪೊಟ್ಟಣದ ಗಾಳಿಯನ್ನು ಹೊರಹಾಕಿ, ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿಡಬೇಕು. ತಯಾರಾದ ಬಿಯರನ್ನು ಕಂದು ಬಾಟಲಿಯಲ್ಲಿ, ಬೆಳಕು ತಾಗದಂತೆ ಇಡಬೇಕು, ಏಕೆಂದರೆ ಬೆಳಕಿನಲ್ಲಿ ಹಾಪ್ಸ್‌ನ ಕಹಿ ಅಂಶವೇ ಒಡೆದು ಗಂಧಕದ ದುರ್ವಾಸನೆ ಹುಟ್ಟುತ್ತದೆ.

ಇನ್ನು ನೀವು ತರಿಸಿಕೊಂಡ ಹಾಪ್ಸ್‌ನ ವಿಚಾರ. ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಬಿಯರ್ ಮಾಡಲು 1963ರಿಂದ ಪರವಾನಗಿ ಬೇಕಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಆದರೆ ಯೀಸ್ಟ್ ಸೇರಿಸದ, ಮದ್ಯಾಂಶವಿಲ್ಲದ ಹಾಪ್ಸ್ ಪಾನೀಯಕ್ಕೆ ಅಡ್ಡಿಯಿಲ್ಲ. ಲೀಟರಿಗೆ ನಾಲ್ಕೈದು ಗ್ರಾಂ ಹಾಪ್ಸ್ ಅನ್ನು 75 ಡಿಗ್ರಿಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸೋಸಿ, ತಣಿಸಿ, ನಿಂಬೆರಸ ಹಿಂಡಿ ಕುಡಿಯಿರಿ. ಅಷ್ಟನ್ನೇ ಇನ್ನೊಂದು ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ ಹೋಲಿಸಿದರೆ ಮೇಲೆ ಹೇಳಿದ್ದೆಲ್ಲ ನಾಲಗೆಗೆ ತಿಳಿಯುತ್ತದೆ. ನಿಮ್ಮೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದಾದರೂ ವ್ಯತ್ಯಾಸ ಕಾಣಲು ಅದು ಸಾಕು. ಸೋಸಿ ಉಳಿದ ಚರಟವನ್ನು ಮಾತ್ರ ನಾಯಿಗಳ ಬಾಯಿಗೆ ಸಿಗದಂತೆ ಹೂಳಿಬಿಡಿ. ಹಾಪ್ಸ್ ತಿಂದ ನಾಯಿಯ ಮೈಶಾಖ ವಿಪರೀತ ಏರಿ ಪ್ರಾಣಕ್ಕೇ ಅಪಾಯವಾಗಬಹುದು, ಮತ್ತು ತೋಟದ ಮನೆಯೆಂದರೆ ನಾಯಿಗಳಿದ್ದೇ ಇರುತ್ತವೆ.

ಸಿಲ್ವರ್ ಓಕ್‌ಗೆ ಹಬ್ಬಿಸುವ ಯೋಚನೆಯನ್ನು ಬಿಡಿ. ಹಾಪ್ಸ್ ಸಾಮಾನ್ಯವಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವಿನ ಬೆಳೆ. ಬೇಸಿಗೆಯ ದೀರ್ಘ ಹಗಲಿನಲ್ಲಿ ಎತ್ತರಕ್ಕೆ ಬೆಳೆದು, ಹಗಲು ಕುಗ್ಗಿದಾಗ ಹೂ ಬಿಡುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲವಾದ್ದರಿಂದ ಬಳ್ಳಿ ಬೆಳೆಯುವ ಮೊದಲೇ ಹೂವಿಗೆ ತಿರುಗುತ್ತದೆ, ಇಳುವರಿ ಕೈಗೆ ಹತ್ತುವುದಿಲ್ಲ. ಮಲೆನಾಡಿನ ಮಳೆಗಾಲದ ತೇವದಲ್ಲಿ ಎಲೆಗೆ ಬೂಜುರೋಗವೂ ತಪ್ಪದು. ನಮ್ಮ ದೇಶದಲ್ಲಿ ಹಾಪ್ಸ್ ಬೆಳೆದಿರುವುದು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಂಥ ಕಡೆ, ಅಲ್ಲಿಯ ಒಣ ಹವೆಯಲ್ಲಿ. ನಿಮ್ಮ ಸಿಲ್ವರ್ ಓಕ್ ಮರಗಳಲ್ಲಿ ಮೆಣಸಿನ ಬಳ್ಳಿಯೇ ಇರಲಿ.