ಸೋಲಾರ್ ವಾಟರ್ ಹೀಟರ್ ಟ್ಯಾಂಕ್ ತೊಳೆದ ಮೇಲೆ ಮತ್ತೆ ನೀರು ತುಂಬಿಸುವುದು ಹೇಗೆ?
ಗಾಜಿನ ಟ್ಯೂಬಿನದ್ದು ಅಲ್ವಾ? ಹಾಗಾದರೆ ಮಧ್ಯಾಹ್ನ ಮಾತ್ರ ತುಂಬಿಸಬೇಡಿ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಒಡೆಯಬಹುದು. ಬಿಸಿಲೇರುವ ಮೊದಲೇ ತುಂಬಿಸಿ.

ತಣ್ಣೀರಿನ ವಾಲ್ವ್ ತೆರೆದು, ಬಚ್ಚಲಿನ ಬಿಸಿನೀರಿನ ನಲ್ಲಿಯನ್ನೂ ಬಿಟ್ಟಿಡಿ. ಮೊದಲು ಪುಸ್ ಪುಸ್ ಅಂತ ಗಾಳಿ ಬರುತ್ತದೆ, ಆಮೇಲೆ ನೀರು ಉಗುಳಿ ಉಗುಳಿ ಬಂದು ಕೊನೆಗೆ ಒಂದೇ ಧಾರೆಯಾಗುತ್ತದೆ, ಆಗ ನಲ್ಲಿ ನಿಲ್ಲಿಸಿ. ಬಿಸಿಲಿಲ್ಲದಾಗ ನೀರು ಕಾಯಿಸಲು ಟ್ಯಾಂಕಿನಲ್ಲಿ ಕರೆಂಟಿನ ಕಾಯಿಲ್ ಇದ್ದರೆ, ಟ್ಯಾಂಕ್ ಪೂರ್ತಿ ತುಂಬುವವರೆಗೆ ಅದರ ಸ್ವಿಚ್ ಮುಟ್ಟಲೇಬೇಡಿ, ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ.

ಮೇಲಿನ ಗಾಳಿ ಪೈಪನ್ನು ಯಾವತ್ತೂ ಮುಚ್ಚಬಾರದು. ಟ್ಯಾಂಕಿನೊಳಗೆ ಮೆಗ್ನೀಷಿಯಂ ರಾಡ್ ಇದ್ದು ಅದು ಸವೆದಿದ್ದರೆ ಬದಲಿಸಿ, ಟ್ಯಾಂಕಿನ ಬದಲು ಸವೆಯಲೆಂದೇ ಅದನ್ನು ಹಾಕುವುದು. ಮಲ್ಪೆಯಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ಜಾಸ್ತಿ, ಸ್ಟ್ಯಾಂಡಿನ ಬೋಲ್ಟುಗಳಿಗೆ ಮಳೆಗಾಲಕ್ಕೆ ಮೊದಲೇ ಪೇಂಟ್ ಹೊಡೆಸಿ.