ಮಕ್ಕಳ ಹಾಕಿ ಪಂದ್ಯಕ್ಕೆ ಎಂಥ ಲೆನ್ಸ್ ಕೊಳ್ಳಬೇಕು?

ಪ್ರಶ್ನೆ: ನನ್ನ ಮಗ ಎಂಟನೇ ತರಗತಿಯಲ್ಲಿ ಓದುತ್ತಿದ್ದು, ಶಾಲೆಯ ಹಾಕಿ ತಂಡದಲ್ಲಿ ಫಾರ್ವರ್ಡ್ ಆಡುತ್ತಾನೆ. ನಮ್ಮ ಬಳಿ ಕ್ಯಾನನ್ 1500ಡಿ ಕ್ಯಾಮೆರಾ ಹಾಗೂ ಅದರೊಂದಿಗೆ ಬಂದ 18-55 ಮಿ.ಮೀ. ಲೆನ್ಸ್ ಇವೆ. ತೆಗೆದ ಚಿತ್ರಗಳಲ್ಲೆಲ್ಲ ಮೈದಾನವೇ ತುಂಬಿಕೊಂಡು ಹುಡುಗ ಎಲ್ಲಿದ್ದಾನೆಂದು ಹುಡುಕಬೇಕಾಗುತ್ತದೆ. ಹತ್ತಿರಕ್ಕೆ ಬಂದಾಗ ತೆಗೆದರೆ ಚಿತ್ರ ಮಸುಕಾಗಿರುತ್ತದೆ. 20 ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ. ಎಫ್/2.8 ಲೆನ್ಸ್ ಇಲ್ಲದೆ ಆಟದ ಚಿತ್ರ ತೆಗೆಯಲು ಸಾಧ್ಯವೇ ಇಲ್ಲವೆಂದು ಪರಿಚಯದ ಸ್ಟುಡಿಯೋದವರು ಹೇಳುತ್ತಾರೆ. ಇದು ನಿಜವೇ?
– ಓದುಗರು, ಪೊನ್ನಂಪೇಟೆ

ಉತ್ತರ: ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಹಾಗಾಗಿ ಸಭಾಂಗಣದೊಳಗಿನ ಅಥವಾ ರಾತ್ರಿ ದೀಪದ ಬೆಳಕಿನ ಆಟಗಳಿಗೆ ಅವರ ಮಾತು ಬಹುಪಾಲು ನಿಜ. ಹಗಲಿನಲ್ಲಿ ನಡೆಯುವ ಶಾಲಾ ಹಾಕಿಗೆ ನಿಜವಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಹೋದವರೆಲ್ಲರೂ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿನ ದೊಡ್ಡ ಬಿಳಿ ಲೆನ್ಸ್‌ಗಳನ್ನು ನೋಡಿರುತ್ತಾರೆ. ಅಂಥದ್ದಿಲ್ಲದೆ ಆಗದು ಎಂಬ ಭಾವನೆ ಅಲ್ಲಿಂದಲೇ ಹುಟ್ಟುತ್ತದೆ. ಆದರೆ ಒಂದು ಲಕ್ಷ ರೂಪಾಯಿಗೂ ಮೇಲ್ಪಟ್ಟ 70-200 ಎಫ್/2.8 ಲೆನ್ಸ್ ನಿಮ್ಮ ಎರಡು ತೊಂದರೆಗಳಲ್ಲಿ ಒಂದನ್ನೂ ತಾನಾಗಿ ಪರಿಹರಿಸುವುದಿಲ್ಲ.

ಮೊದಲು ದೂರದ ಲೆಕ್ಕ ನೋಡೋಣ. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರವಿದ್ದು, ಕ್ಯಾಮೆರಾವನ್ನು ಅಡ್ಡವಾಗಿ ಹಿಡಿದಾಗ, ನಿಂತ ಹುಡುಗನೊಬ್ಬನಿಂದ ಚೌಕಟ್ಟು ತುಂಬಬೇಕೆಂದರೆ, ಲೆನ್ಸಿನ ಪ್ರತಿ 100 ಮಿ.ಮೀ.ಗೆ ಸುಮಾರು 12 ಮೀಟರ್ ದೂರವೆಂದು ಹಿಡಿದುಕೊಳ್ಳಬಹುದು. ಹೀಗಾಗಿ 55 ಮಿ.ಮೀ. ಲೆನ್ಸ್ ಆರೇಳು ಮೀಟರಿನವರೆಗೆ ಮಾತ್ರ ಒದಗುತ್ತದೆ; 250 ಮಿ.ಮೀ. ಲೆನ್ಸ್ 30 ಮೀಟರಿನವರೆಗೆ ಒದಗುತ್ತದೆ. ಹಾಕಿ ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್. ಎದುರು ಬದಿಯ ಗೆರೆಯಲ್ಲಿ ಓಡುವವನನ್ನು 250 ಮಿ.ಮೀ. ಕೂಡ ಪೂರ್ತಿಯಾಗಿ ಹತ್ತಿರಕ್ಕೆ ತರುವುದಿಲ್ಲ ನಿಜ, ಆದರೆ ನಿಮ್ಮ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಚಿತ್ರವನ್ನು ಎರಡೂ ಕಡೆ ಅರ್ಧಕ್ಕೆ ಕತ್ತರಿಸಿದರೂ 6 ಮೆಗಾಪಿಕ್ಸೆಲ್ ಉಳಿಯುವುದರಿಂದ ಗೋಡೆಗೆ ಹಾಕುವ 10 ಇಂಚಿನ ಪ್ರಿಂಟಿಗೆ ಅದು ಧಾರಾಳವಾಗಿ ಸಾಕಾಗುತ್ತದೆ.

ಆದ್ದರಿಂದ ನಿಮಗೆ ನನ್ನ ಸಲಹೆ ಕ್ಯಾನನ್ ಇಎಫ್-ಎಸ್ 55-250 ಮಿ.ಮೀ. ಎಫ್/4-5.6 ಐಎಸ್ ಎಸ್‌ಟಿಎಂ. ಹೊಸದರ ಬೆಲೆ ನಿಮ್ಮ ಮಿತಿಯನ್ನು ದಾಟಿದರೆ ಸೆಕೆಂಡ್ ಹ್ಯಾಂಡ್ ಕೊಳ್ಳಲು ಹಿಂಜರಿಯಬೇಡಿ. ಇದೇ ಹೆಸರಿನ ಹಳೆಯ ಎರಡು ಆವೃತ್ತಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಫೋಕಸ್ ಮೋಟಾರು ನಿಧಾನವಾದುದರಿಂದ ‘ಎಸ್‌ಟಿಎಂ’ ಎಂಬ ಅಕ್ಷರಗಳು ಲೆನ್ಸಿನ ಮೇಲೆ ಇವೆಯೇ ಎಂದು ನೋಡಿಕೊಂಡೇ ಹಣ ಕೊಡಿ. ಕ್ಯಾನನ್ 75-300 ಮಿ.ಮೀ. ಲೆನ್ಸ್ ಇನ್ನೂ ಅಗ್ಗವಾಗಿ ಸಿಗುತ್ತದೆ, 300 ಎಂಬ ಅಂಕಿಯೂ ಆಕರ್ಷಕವೇ, ಆದರೆ ಅದರಲ್ಲಿ ಕೈನಡುಕ ತಡೆಯುವ ವ್ಯವಸ್ಥೆಯಿಲ್ಲ, 300 ಮಿ.ಮೀ. ತುದಿಯಲ್ಲಿ ಚಿತ್ರದ ಸ್ಪಷ್ಟತೆಯೂ ಕಡಿಮೆ. ಅದನ್ನು ಬಿಟ್ಟುಬಿಡುವುದೇ ಲೇಸು.

ಇನ್ನು ಮಸುಕಿನ ವಿಚಾರ. ಇದು ಲೆನ್ಸಿಗಿಂತ ಹೆಚ್ಚಾಗಿ ಶಟರ್ ಸ್ಪೀಡಿಗೆ, ಎಂದರೆ ಶಟರ್ ತೆರೆದಿರುವ ಅವಧಿಗೆ, ಸೇರಿದ್ದು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಓಡುವ ಹುಡುಗ 1/125 ಸೆಕೆಂಡಿನಲ್ಲಿ ನಾಲ್ಕು ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. 1/1000 ಸೆಕೆಂಡಿನಲ್ಲಿ ಹೋಗುವುದು ಅರ್ಧ ಸೆಂಟಿಮೀಟರ್ ಮಾತ್ರ. ಸ್ಟಿಕ್ಕಿನ ತುದಿಯ ವೇಗ ಇದಕ್ಕಿಂತ ಬಹಳ ಹೆಚ್ಚು. ಲೆನ್ಸಿನೊಳಗಿನ ಐಎಸ್ ನಿಮ್ಮ ಕೈಯ ಅಲುಗಾಟವನ್ನು ತಡೆಯುತ್ತದೆಯೇ ಹೊರತು ಆಟಗಾರನ ಓಟವನ್ನಲ್ಲ. ಆದ್ದರಿಂದ ಕ್ಯಾಮೆರಾವನ್ನು ‘ಎಂ’ ಮೋಡಿಗೆ ತಿರುಗಿಸಿ, ಶಟರ್ 1/1000, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/5.6 ಇಟ್ಟು, ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಹೇಳುವ ಐಎಸ್‌ಒ ಆಯ್ಕೆಯನ್ನು ‘ಆಟೋ’ಗೆ ಬಿಡಿ. ಒಳ್ಳೆಯ ಬಿಸಿಲಿನಲ್ಲಿ ಐಎಸ್‌ಒ 100ರಿಂದ 200ರೊಳಗೇ ಇರುತ್ತದೆ. ಮೋಡ ಮುಚ್ಚಿದ ದಿನ 800ಕ್ಕೆ ಏರುತ್ತದೆ. ನಮ್ಮ ಕಕ್ಕಡ ಮಾಸದ ಕಾರ್ಮೋಡದಲ್ಲಿ ಅದು 1600 ಅಥವಾ 3200ಕ್ಕೆ ಹೋಗಬಹುದು. ಆಗ ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಾಣಿಸಿಕೊಂಡರೂ ಅದನ್ನು ಸಹಿಸಬಹುದು, ಮಸುಕಾದ ಮುಖವನ್ನು ಯಾರೂ ಸರಿಪಡಿಸಲಾರರು. ಎಫ್/2.8 ಲೆನ್ಸ್ ಇದ್ದಿದ್ದರೆ ಇದೇ ಬೆಳಕಿನಲ್ಲಿ 3200ರ ಬದಲು 800 ಸಾಕಾಗುತ್ತಿತ್ತು ಮತ್ತು ಹಿನ್ನೆಲೆ ಇನ್ನಷ್ಟು ಮೃದುವಾಗುತ್ತಿತ್ತು. ಆ ಹೆಚ್ಚುವರಿ ಲಕ್ಷ ರೂಪಾಯಿಗೆ ಮುಖ್ಯವಾಗಿ ಸಿಗುವುದು ಇಷ್ಟೇ.

ಫೋಕಸ್ ಆಯ್ಕೆಯನ್ನು, ಓಡುವವರನ್ನು ಹಿಂಬಾಲಿಸುವ ‘ಎಐ ಸರ್ವೋ’ಗೆ ಬದಲಾಯಿಸಿ, ಒಂಬತ್ತು ಬಿಂದುಗಳಲ್ಲಿ ನಡುವಿನ ಒಂದನ್ನೇ ಆರಿಸಿಕೊಳ್ಳಿ; ನಿಮ್ಮ ಕ್ಯಾಮೆರಾದಲ್ಲಿ ನಂಬಬಹುದಾದ ಬಿಂದು ಅದೇ. 1500ಡಿ ಸೆಕೆಂಡಿಗೆ ಮೂರು ಚಿತ್ರಗಳನ್ನಷ್ಟೇ ತೆಗೆಯುವುದರಿಂದ ಗುಂಡಿ ಒತ್ತಿ ಹಿಡಿದು ಅದೃಷ್ಟಕ್ಕೆ ಬಿಡುವ ಕ್ರಮ ಇಲ್ಲಿ ಫಲ ಕೊಡದು. ಸ್ಟಿಕ್ ಹಿಂದಕ್ಕೆ ಹೋದಾಗಲೇ ಒತ್ತಬೇಕು.

ನಿಲ್ಲುವ ಜಾಗದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಪೋಷಕರಲ್ಲಿ ಹೆಚ್ಚಿನವರು ಮೈದಾನದ ಮಧ್ಯಗೆರೆಯ ಬಳಿ, ನೆರಳಿರುವಲ್ಲಿ ಕುಳಿತುಬಿಡುತ್ತಾರೆ ಮತ್ತು ಅಲ್ಲಿಂದ ಎರಡೂ ಗೋಲುಗಳು ದೂರವೇ. ನಿಮ್ಮ ಮಗ ಫಾರ್ವರ್ಡ್ ಆಟಗಾರನಾದ್ದರಿಂದ ಎದುರಾಳಿಯ ಗೋಲಿರುವ ತುದಿಗೆ ಹೋಗಿ, ಮೂಲೆಯ ಬಾವುಟದ ಹೊರಗೆ ಮಂಡಿಯೂರಿ ಕುಳಿತುಕೊಳ್ಳಿ. ಅಲ್ಲಿಂದ ಗೋಲಿನ ನಡುಭಾಗಕ್ಕೆ 27 ಮೀಟರಿಗಿಂತ ತುಸು ಹೆಚ್ಚು, ‘ಡಿ’ಯ (ಗೋಲಿನ ಮುಂದಿನ ಅರೆವೃತ್ತದ) ಮೇಲ್ತುದಿಗೆ ಸುಮಾರು 31 ಮೀಟರ್, ಎಂದರೆ ನಿಮ್ಮ 250 ಮಿ.ಮೀ. ಲೆನ್ಸಿನ ವ್ಯಾಪ್ತಿಗೆ ಸರಿಯಾಗಿ ಹೊಂದುವ ದೂರ. ಮೇಲಾಗಿ ದಾಳಿ ಮಾಡುತ್ತ ಬರುವ ಮಕ್ಕಳ ಬೆನ್ನಿನ ಬದಲು ಮುಖ ನಿಮ್ಮ ಕಡೆಗಿರುತ್ತದೆ. ಆದರೆ ಗೋಲಿನ ಹಿಂಬದಿಗೆ ಮಾತ್ರ ಹೋಗಬೇಡಿ, ಪೆನಾಲ್ಟಿ ಕಾರ್ನರಿನ ಚೆಂಡಿಗೆ ಅಲ್ಲಿರುವವರು ಯಾರೆಂಬ ಲೆಕ್ಕವಿರುವುದಿಲ್ಲ. ವಿರಾಮದ ನಂತರ ತಂಡಗಳು ಬದಿ ಬದಲಿಸಿದಾಗ ನೀವೂ ಎದ್ದು ಇನ್ನೊಂದು ತುದಿಗೆ ನಡೆಯಬೇಕಾಗುತ್ತದೆ.

ಪ್ರಶ್ನೆ: ಮಗಳು ಒಳಾಂಗಣದಲ್ಲಿ ಬ್ಯಾಡ್ಮಿಂಟನ್ ಆಡುತ್ತಾಳೆ. ನಮ್ಮದೂ ಕ್ಯಾನನ್ ಕ್ಯಾಮೆರಾ. 55-250 ಲೆನ್ಸ್ ಇದ್ದರೂ ಚಿತ್ರಗಳು ಕಪ್ಪಾಗಿ ಬರುತ್ತಿವೆ.
– ಓದುಗರು, ಸೋಮವಾರಪೇಟೆ

ಉತ್ತರ: ನಿಮ್ಮ ಸಮಸ್ಯೆ ಮೇಲಿನದಕ್ಕೆ ತದ್ವಿರುದ್ಧ. ಅಂಕಣದ ಉದ್ದ 13.4 ಮೀಟರ್ ಮಾತ್ರವಾದ್ದರಿಂದ ದೂರದ ಚಿಂತೆಯಿಲ್ಲ, ಕೊರತೆಯಿರುವುದು ಬೆಳಕಿಗೆ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಕ್ಯಾನನ್ 50 ಮಿ.ಮೀ. ಎಫ್/1.8 ಎಸ್‌ಟಿಎಂ ಆ ಕಂಪನಿಯ ಅತಿ ಅಗ್ಗದ ಲೆನ್ಸ್‌ಗಳಲ್ಲಿ ಒಂದಾಗಿದ್ದು, ಅಂಕಣದ ಬದಿಯಲ್ಲಿ ಕುಳಿತು ಕ್ಯಾಮೆರಾವನ್ನು ಉದ್ದವಾಗಿ ಹಿಡಿದರೆ ಆರು ಮೀಟರ್ ದೂರದಲ್ಲಿ ಜಿಗಿದು ಸ್ಮ್ಯಾಶ್ ಹೊಡೆಯುವ ಹುಡುಗಿ ರ‍್ಯಾಕೆಟ್ ಸಮೇತ ಚೌಕಟ್ಟಿನೊಳಗೆ ಬರುತ್ತಾಳೆ. ಗ್ಯಾಲರಿಯಿಂದ ಮಾತ್ರ ತೆಗೆಯಲು ಅವಕಾಶವಿದ್ದರೆ 85 ಮಿ.ಮೀ. ಎಫ್/1.8 ಹುಡುಕಿ. ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿಯಾಗಿ ಬಂದರೆ ಲೆನ್ಸನ್ನು ದೂರಬೇಡಿ. ನಮ್ಮ ವಿದ್ಯುತ್ತಿನಲ್ಲಿ ಕೆಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರ ಪರಿಣಾಮವದು. ಫ್ಲ್ಯಾಶ್ ಬಳಸುವುದಂತೂ ಬೇಡ, ಆಡುವ ಮಕ್ಕಳ ಕಣ್ಣು ಕುಕ್ಕುತ್ತದೆ.

ಪ್ರಶ್ನೆ: ನನ್ನದು ಹಳೆಯ ನಿಕಾನ್ ಡಿ3200. ನಿಕಾನ್ ಎಎಫ್-ಪಿ 70-300 ಲೆನ್ಸ್ ಕಡಿಮೆ ಬೆಲೆಗೆ ಬಂದಿದೆ. ಕೊಳ್ಳಬಹುದೇ? ಮಳೆಗಾಲದಲ್ಲಿ ಲೆನ್ಸ್ ಕಾಪಾಡುವುದು ಹೇಗೆ?
– ಓದುಗರು, ಮಡಿಕೇರಿ

ಉತ್ತರ: ಕೊಳ್ಳಬೇಡಿ. ಲೆನ್ಸ್ ಒಳ್ಳೆಯದೇ, ಆದರೆ ಡಿ3200ಕ್ಕೂ ಎಎಫ್-ಪಿ ಲೆನ್ಸ್‌ಗಳಿಗೂ ಹೊಂದಿಕೆಯಿಲ್ಲ, ಫೋಕಸ್ ಮಾಡಲಾಗುವುದಿಲ್ಲ. ಎಎಫ್-ಎಸ್ ಎಂದು ಬರೆದಿರುವ 55-300 ಅಥವಾ 70-300 ವಿಆರ್ (ಕೈನಡುಕ ತಡೆಯುವ ವ್ಯವಸ್ಥೆಯಿರುವುದು) ನೋಡಿ. ಎಎಫ್-ಡಿ ಸರಣಿಯವೂ ಬೇಡ, ಅವುಗಳನ್ನು ತಿರುಗಿಸುವ ಮೋಟಾರು ನಿಮ್ಮ ಕ್ಯಾಮೆರಾದಲ್ಲಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಕೊಳ್ಳುವ ಮುನ್ನ ಒಂದು ತುದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ಗಾಜಿನ ಮೇಲೆ ಎಳೆಎಳೆಯಾಗಿ ಹರಡಿದ ಗುರುತು ಕಂಡರೆ ಅದು ಫಂಗಸ್. ನಮ್ಮ ಜಿಲ್ಲೆಯ ಲೆನ್ಸ್‌ಗಳಲ್ಲಿ ಇದನ್ನು ವಿಶೇಷವಾಗಿ ಹುಡುಕಬೇಕು. ಧೂಳಿನ ಒಂದೆರಡು ಕಣಗಳಿಗೆ ಹೆದರಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಇಡದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಡಿ. ನೀಲಿ ಹರಳುಗಳು ಗುಲಾಬಿಗೆ ತಿರುಗಿದಾಗ ಅವುಗಳನ್ನು ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಡಬ್ಬಿಯೊಳಗೆ ತೇವಾಂಶದ ಚಿಕ್ಕ ಮಾಪಕವನ್ನಿಟ್ಟು ಅದು ಶೇ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರೂ ಉಂಟು. ಹೊಗೆಯ ಜಿಡ್ಡು ಗಾಜಿನ ಲೇಪನದ ಮೇಲೆ ಕೂರುವುದರಿಂದ ಆ ಜಾಗ ಕಾಳುಮೆಣಸಿಗಷ್ಟೇ ಇರಲಿ.